ಉತ್ತರಾಣಿ ಹಿಡಿಯುವುದನ್ನು ಕಲಿತದ್ದು

ಭೂಮಿಯ ಹಸಿ ಇನ್ನೂ ಆರಿರದ ಕಾಲ ಅದು. ಬೆಟ್ಟಗಳಿಗೆ ಬಿಸಿಲು ಹೊಸದು, ಹೊಳೆಗಳಿಗೆ ದಾರಿ ಹೊಸದು. ಹಕ್ಕಿಗಳು ತಮ್ಮ ಕೂಗು ಯಾವುದಿರಬಹುದೆಂದು ಕೂಗಿ ಕೂಗಿ ನೋಡಿಕೊಳ್ಳುತ್ತಿದ್ದವು. ಮಳೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಆದರೆ ಅವಕ್ಕೆ ಯಾರೂ ಹೆಸರಿಟ್ಟಿರಲಿಲ್ಲ. ಹಾಗಾಗಿ ಮೊದಲ ಮಳೆ ಯಾವುದು, ಕೊನೆಯ ಮಳೆ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಮಳೆ ನಿಂತು ಹೊಳವಾಯಿತು. ಆಕಾಶ ನೀಲಿಯಾಯಿತು. ಗಾಳಿ ಒಂದೊಂದೇ ಗಿಡದ ಹತ್ತಿರ ನಿಂತು ವಿಚಾರಿಸಿಕೊಂಡು ಬಂತು.

"ನಿನ್ನ ಬೀಜ ಬಲಿತಿವೆ. ಅವು ಬೇರೆ ಕಡೆ ಹೋಗಿ ಬದುಕಬೇಕಲ್ಲ. ಹೇಗೆ ಕಳಿಸ್ತೀಯ?"

ಎಕ್ಕದ ಗಿಡ ಹೇಳಿತು, "ಗಾಳಿಯಣ್ಣ, ನೀನೇ ಹೊತ್ತುಕೊಂಡು ಹೋಗು." ಗಾಳಿ ಎಕ್ಕದ ಬೀಜಕ್ಕೆ ರೇಷ್ಮೆಯಂಥ ಬಿಳಿ ಕುಚ್ಚು ಕಟ್ಟಿತು, ಹೊತ್ತುಕೊಂಡು ಹೋಯಿತು.

ಹೊಂಗೆಯ ಮರ ಹೊಳೆಯನ್ನು ಕೇಳಿಕೊಂಡಿತು. ಹೊಳೆ ಹೊಂಗೆಯ ಕಾಯಿಗೆ ತೇಲುವುದನ್ನು ಕಲಿಸಿತು, ತೇಲಿಸಿಕೊಂಡು ಹೋಯಿತು.

ಆಲದ ಮರ ಹಕ್ಕಿಗಳನ್ನು ಕರೆಯಿತು. ಹಕ್ಕಿಗಳು ಹಣ್ಣು ತಿಂದು ಬೀಜ ಒಯ್ದವು.

ಕೊನೆಗೆ ಗಾಳಿ ಹೊಳೆಯ ದಂಡೆಗೆ ಬಂತು. ಅಲ್ಲಿ ಉತ್ತರಾಣಿ ನಿಂತಿತ್ತು. ಈಗಿನ ಉತ್ತರಾಣಿಯ ಹಾಗಲ್ಲ. ಆಗ ಅದರ ಮೈ ಎಣ್ಣೆ ಸವರಿದಷ್ಟು ನುಣುಪು. ಅದರ ತೆನೆಯಲ್ಲಿ ಬೀಜಗಳು ಮೇಲಕ್ಕೆ ಮುಖ ಮಾಡಿಕೊಂಡು, ಉರುಟಾಗಿ, ಮಣಿಗಳ ಹಾಗೆ ಕೂತಿರುತ್ತಿದ್ದವು. ಇಬ್ಬನಿ ಕೂಡ ಅದರ ಮೇಲೆ ನಿಲ್ಲದೆ ಜಾರಿ ಬೀಳುತ್ತಿತ್ತು.

"ನಿನ್ನ ಬೀಜ ಹೇಗೆ ಕಳಿಸ್ತೀಯ?" ಗಾಳಿ ಕೇಳಿತು.

"ಕಳಿಸೋದೇ ಇಲ್ಲ. ಬಿದ್ದ ಕಡೆ ಬಿದ್ದಿರಲಿ. ನಾನು ಯಾರನ್ನೂ ಹಿಡಿಯಲ್ಲ, ಯಾರೂ ನನ್ನನ್ನ ಹಿಡಿಯೋದು ಬೇಡ. ನನಗೆ ಯಾರ ಹಂಗೂ ಬೇಡ," ಅಂದಿತು ಉತ್ತರಾಣಿ.

"ಆಯ್ತಪ್ಪ," ಅಂದು ಗಾಳಿ ಮುಂದಕ್ಕೆ ಹೋಯಿತು.

ಆ ಹೊಳೆಯಿಂದ ಕೂಗಳತೆ ದೂರದಲ್ಲಿ ಒಂದು ಹಟ್ಟಿ ಇತ್ತು. ಹಟ್ಟಿಯ ತುದಿಯ ಗುಡಿಸಲಿನಲ್ಲಿ ಬೊಮ್ಮವ್ವ, ಅವಳ ಗಂಡ ಕರಿಯಣ್ಣ, ಅವರ ಇಬ್ಬರು ಹೆಣ್ಣುಮಕ್ಕಳು ಇದ್ದರು. ದೊಡ್ಡವಳು ದೇವೀರಿ, ಹತ್ತು ವರ್ಷದವಳು. ಚಿಕ್ಕವಳು ತಿಮ್ಮಿ, ಆರು ವರ್ಷದವಳು. ಕರಿಯಣ್ಣ ಬೆಟ್ಟದಿಂದ ಹುಲ್ಲು ಕೊಯ್ದು ತಂದು ಹಟ್ಟಿಯವರ ಸೂರಿಗೆ ಹೊದಿಸುತ್ತಿದ್ದ.

ಹಟ್ಟಿಯ ನಡುವೆ ಬೇವಿನ ಮರದ ಕಟ್ಟೆ. ಅದರ ಮೇಲೆ ಮಾಳಜ್ಜ ಅನ್ನುವ ಹಿರಿಯ ಕೂತು ಹಟ್ಟಿಯ ಮಕ್ಕಳಿಗೆಲ್ಲ ಪಾಠ ಹೇಳುತ್ತಿದ್ದ. ಎಲ್ಲರ ಮಕ್ಕಳೂ ಅಲ್ಲಿಗೆ ಹೋಗುತ್ತಿದ್ದರು. ಬೊಮ್ಮವ್ವ ಮಾತ್ರ ತನ್ನ ಮಕ್ಕಳನ್ನು ಕಳಿಸುತ್ತಿರಲಿಲ್ಲ. ತಾನೇ ಕಲಿಸುತ್ತಿದ್ದಳು.

"ನಿನ್ನ ಹುಡುಗೀರನ್ನೂ ಕಟ್ಟೆಗೆ ಕಳಿಸಬಾರದೇನವ್ವ?" ಅಂತ ಮಾಳಜ್ಜ ಒಂದು ಸಲ ಕೇಳಿದ.

"ಅಜ್ಜ, ಕಟ್ಟೆ ಮೇಲೆ ಕೂತು ಹೊಳೆ ಹೊಳೆ ಅಂದರೆ ಹೊಳೆ ಎಂಥದು ಅಂತ ತಿಳಿಯುತ್ತಾ? ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ ಬಿಡು."

ಮಾಳಜ್ಜ ನಕ್ಕ. "ತೋರಿಸವ್ವ, ತೋರಿಸು. ಕಲಿತರೆ ಸಾಕು."

ಮಳೆಗಾಲದಲ್ಲಿ ಗುಡಿಸಲು ಬಿಟ್ಟು ಹೊರಗೆ ಹೋಗುವ ಹಾಗಿರಲಿಲ್ಲ. ಬೇಸಿಗೆಯಲ್ಲಿ ನೆಲ ಕಾದು ಅಂಗಾಲು ಸುಡುತ್ತಿತ್ತು. ಮಳೆ ಹೊಳವಾಗಿ ಚಳಿ ಬರುವ ನಡುವಿನ ಆ ಒಂದೆರಡು ತಿಂಗಳು ಇದೆಯಲ್ಲ, ಅದೇ ಬೊಮ್ಮವ್ವನ ಕಾಲ. ದಿನಾ ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಮೂವರೂ ಹೊರಡುತ್ತಿದ್ದರು. ಒಂದು ದಿನ ಕೆರೆಯ ಏರಿಗೆ ಹೋಗಿ, ಗೀಜಗನ ಖಾಲಿ ಗೂಡು ತಂದು ಎಳೆ ಎಳೆಯಾಗಿ ಬಿಡಿಸಿ ನೋಡುವುದು. ಒಂದು ದಿನ ಕಲ್ಲುಗುಡ್ಡಕ್ಕೆ ಹೋಗಿ, ಬಂಡೆಯ ಗುಳಿಯಲ್ಲಿ ನಿಂತ ನೀರು ದಿನಕ್ಕೆ ಎಷ್ಟು ಬೆರಳು ಇಳಿಯುತ್ತದೆ ಅಂತ ಅಳೆಯುವುದು. ಒಂದು ದಿನ ಹಳದಿ ತಂಗಡಿ ಹೂ ಕಿತ್ತು ತಂದು ಬಟ್ಟೆಗೆ ಬಣ್ಣ ಹಾಕುವುದು.

ಮನೆಗೆ ಬಂದು ಕಾಲು ತೊಳೆದ ಮೇಲೆ ಬೊಮ್ಮವ್ವ ಮೂರು ಮಾತು ಕೇಳುತ್ತಿದ್ದಳು.

"ಏನು ಕಂಡಿರಿ? ಏನು ಕೇಳಿದಿರಿ? ಏನು ತಂದಿರಿ?"

ದೇವೀರಿ ಎಲ್ಲವನ್ನೂ ಸರಿಯಾಗಿ ಒಪ್ಪಿಸುತ್ತಿದ್ದಳು. ತಿಮ್ಮಿಯದು ಬೇರೆ ದಾರಿ. ಒಂದು ದಿನ ಬೊಮ್ಮವ್ವ ಇಬ್ಬರನ್ನೂ ಇರುವೆಯ ಸಾಲಿನ ಹತ್ತಿರ ಕೂರಿಸಿ, ಒಂದು ಇರುವೆ ಎಷ್ಟು ಸಲ ಕಾಳು ಬೀಳಿಸುತ್ತದೆ ಎಣಿಸಿ ಅಂದಿದ್ದಳು.

"ಹನ್ನೊಂದು ಸಲ," ಅಂದಳು ದೇವೀರಿ.

"ನಿನ್ನ ಇರುವೆ ತಿಮ್ಮೀ?"

"ನಾನು ಎಣಿಸೋದು ಮರೆತೆ ಅವ್ವಾ. ಅದಕ್ಕೆ ದಾರಿ ಬಿಡಿಸ್ತಾ ಇದ್ದೆ. ಕಡ್ಡಿ ಎಲ್ಲಾ ತೆಗೆದು ತೆಗೆದು..."

ಬೊಮ್ಮವ್ವ ಬೈಯಲಿಲ್ಲ. ಅವಳ ತಲೆ ನೇವರಿಸಿ, "ಅದೂ ಒಂದು ಲೆಕ್ಕವೇ," ಅಂದಳು.

ಹೀಗೇ ದಿನ ಹೋಗುತ್ತಿದ್ದವು. ಒಂದು ಬೆಳಗ್ಗೆ ಮೂವರೂ ಹೊಳೆಗೆ ಹೋದರು.

ಹೊಳೆ ಇಳಿದಿತ್ತು. ಮಳೆಗಾಲದ ಕೆಂಪು ಹೋಗಿ ನೀರು ತಿಳಿಯಾಗಿ, ಮರಳಿನ ನಡುವೆ ಒಂದು ದಾರದ ಹಾಗೆ ಹರಿಯುತ್ತಿತ್ತು. ಆಕಾಶದಲ್ಲಿ ಬಿಳಿಯ ಮೋಡ. ಬೊಮ್ಮವ್ವ ದಂಡೆಯ ಮೇಲೆ ಚಾಪೆಗೆಂದು ಜೊಂಡು ಕೊಯ್ಯಲು ನಿಂತಳು.

"ಅವ್ವಾ, ಆ ಮರಳು ದಿಬ್ಬಕ್ಕೆ ಹೋಗಿ ಬರಲಾ? ಅಲ್ಲಿ ಯಾವುದೋ ಹಕ್ಕಿ ಹೆಜ್ಜೆ ಇಟ್ಟಿದೆ," ಅಂದಳು ದೇವೀರಿ.

ಬೊಮ್ಮವ್ವ ಆಕಾಶ ನೋಡಿದಳು. ಹೊಳೆ ನೋಡಿದಳು.

"ಹೋಗಿ. ಮಳೆ ಮುಗೀತು. ಬಿಳಿ ಮೋಡ ಬಂದ ಮೇಲೆ ಹೊಳೆ ಏರೋದಿಲ್ಲ, ತಿಳ್ಕೊಳ್ಳಿ. ತಂಗೀನ ಕೈ ಹಿಡ್ಕೋ ದೇವೀರಿ."

ಅದು ಅವಳು ಆ ದಿನ ಹೇಳಿಕೊಟ್ಟ ಪಾಠ. ಅವಳಿಗೆ ತಿಳಿದದ್ದು ಅಷ್ಟೇ. ಆ ಕಾಲದಲ್ಲಿ ಯಾರಿಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ.

ಮಕ್ಕಳು ಇಳಿದು ಹೋದರು. ದಿಬ್ಬದ ಮೇಲೆ ಹಕ್ಕಿಯ ಹೆಜ್ಜೆಯ ಪಕ್ಕ ತಮ್ಮ ಹೆಜ್ಜೆ ಊರಿ ನೋಡಿದರು. ತಿಮ್ಮಿ ನುಣುಪು ಕಲ್ಲು ಆರಿಸಿ ಉಡಿ ತುಂಬಿಕೊಂಡಳು. ಹೊತ್ತು ನೆತ್ತಿಗೆ ಬಂತು.

ಆಗ ಹೊಳೆ ಮಾತಾಡಿತು.

"ಹುಡುಗೀರೇ, ದಂಡೆಗೆ ಹೋಗಿ."

"ಯಾಕೆ ಹೊಳೆಯವ್ವ? ಇನ್ನೂ ಸ್ವಲ್ಪ ಹೊತ್ತು ಇರ್ತೀವಿ," ಅಂದಳು ತಿಮ್ಮಿ.

"ಹೋಗಿ ಮಕ್ಕಳೇ. ನನ್ನ ತಲೆಯ ಕಡೆ, ದೂರದ ಬೆಟ್ಟದ ಆಚೆ, ಮಳೆ ಸುರಿದಿದೆ. ಹಿಂದಿನಿಂದ ನೀರು ಬರ್ತಾ ಇದೆ. ನಿಲ್ಲು ಅಂದರೆ ನಿಲ್ತಿಲ್ಲ. ನನ್ನ ಮಾತು ಕೇಳ್ತಿಲ್ಲ. ಓಡಿ!"

ದೇವೀರಿ ತಿರುಗಿ ನೋಡಿದಳು. ತಿರುವಿನಲ್ಲಿ ನೀರು ಗೋಡೆಯ ಹಾಗೆ ಎದ್ದು ಬರುತ್ತಿತ್ತು. ಕೆಂಪು ನೀರು. ಅದರ ಮುಂದೆ ಮರದ ಕೊಂಬೆಗಳು ಉರುಳುತ್ತಿದ್ದವು.

ದೇವೀರಿ ತಂಗಿಯ ಕೈ ಹಿಡಿದು ಓಡಿದಳು. ಮರಳಿನಲ್ಲಿ ಕಾಲು ಹೂತು ಹೂತು ಓಡಿದರು. "ಕಲ್ಲು ಬಿಸಾಕು ತಿಮ್ಮೀ!" ಅಂದಳು. ತಿಮ್ಮಿ ಉಡಿ ಬಿಟ್ಟಳು, ಕಲ್ಲೆಲ್ಲ ಚೆಲ್ಲಿದವು. ದಂಡೆಯ ಬುಡಕ್ಕೆ ಬಂದಾಗ ನೀರು ಮೊಣಕಾಲಿಗೆ ಬಂದಿತ್ತು.

ದಂಡೆ ಕಡಿದಾಗಿತ್ತು. ಒದ್ದೆ ಜೇಡಿಮಣ್ಣು. ಎರಡು ಕೈ ಊರದೆ ಹತ್ತುವ ಹಾಗಿರಲಿಲ್ಲ. ನಾನು ಹತ್ತಿ ಮೇಲಿಂದ ಎಳ್ಕೋತೀನಿ ಅಂತ ದೇವೀರಿ ತಂಗಿಯ ಕೈ ಬಿಟ್ಟಳು. ಹತ್ತಿದಳು. ತಿರುಗಿದಳು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೇ.

ಅಷ್ಟರಲ್ಲಿ ನೀರು ತಿಮ್ಮಿಯ ಎದೆಗೆ ಬಂದಿತ್ತು. ಅವಳು ದಂಡೆಯಂಚಿನ ಉತ್ತರಾಣಿಯನ್ನು ಎರಡೂ ಕೈಯಿಂದ ಬಾಚಿ ಹಿಡಿದಿದ್ದಳು.

"ಗಿಡವೇ, ಹಿಡ್ಕೋ," ಅಂದಳು ತಿಮ್ಮಿ. "ಹಿಡ್ಕೋ, ಹಿಡ್ಕೋ."

ಉತ್ತರಾಣಿ ಅದಕ್ಕೆ ಮೊದಲು ಯಾವತ್ತೂ ಯಾರನ್ನೂ ಹಿಡಿದಿರಲಿಲ್ಲ. ಆ ಗಳಿಗೆಯಲ್ಲಿ ಅದಕ್ಕೆ ಹಿಡಿಯಬೇಕೆನ್ನಿಸಿತು. ಆದರೆ ಹಿಡಿಯುವುದಕ್ಕೆ ಅದರ ಹತ್ತಿರ ಏನೂ ಇರಲಿಲ್ಲ. ಅದರ ನುಣುಪು ಕಡ್ಡಿಗಳು ಆ ಪುಟ್ಟ ಬೆರಳುಗಳ ನಡುವಿನಿಂದ ಬುಡದಿಂದ ತುದಿಯವರೆಗೆ ಸರ್ರನೆ ಜಾರಿದವು. ಒಂದು ಬೀಜ ಕೂಡ ಅವಳ ಕೈಯಲ್ಲಿ ಉಳಿಯಲಿಲ್ಲ.

ಕುಡುಗೋಲು ಹಿಡಿದುಕೊಂಡೇ ಬೊಮ್ಮವ್ವ ಓಡಿ ಬಂದಳು. ದಂಡೆಯ ಮೇಲೆ ದೇವೀರಿ ಬೋರಲು ಮಲಗಿ, ಖಾಲಿ ನೀರಿನ ಕಡೆ ಕೈ ಚಾಚಿದ್ದಳು. ಹಾಗೇ ಇದ್ದಳು.

ಕರಿಯಣ್ಣ ಹೊಳೆಯ ಗುಂಟ ಕೆಳಕ್ಕೆ ಹೋದ. ಹಟ್ಟಿಯ ಗಂಡಸರೆಲ್ಲ ಹೋದರು. ಎರಡು ದಿನ ಹುಡುಕಿದರು. ಮೂರನೆಯ ದಿನ ಬೆಳಗ್ಗೆ ಕರಿಯಣ್ಣನೇ ಮಗಳನ್ನು ಕಂಡ. ಬಿದ್ದ ಹೊಂಗೆಯ ಮರವೊಂದು ಅವಳನ್ನು ತನ್ನ ಕೊಂಬೆಯಲ್ಲಿ ನಿಲ್ಲಿಸಿಕೊಂಡಿತ್ತು. "ನನ್ನ ಕೈಲಿ ಇಷ್ಟೇ ಆಗಿದ್ದು ಕರಿಯಣ್ಣ, ನನಗೆ ಸಿಕ್ಕಿದ್ದೇ ತಡವಾಗಿ," ಅಂದಿತು ಹೊಂಗೆ. ಕರಿಯಣ್ಣ ಅದಕ್ಕೆ ಕೈ ಮುಗಿದ. ಮಗಳ ಎರಡು ಅಂಗೈಯೂ ತೆರೆದುಕೊಂಡೇ ಇದ್ದವು. ಅವನು ಬೆರಳು ಮಡಚಿ ಮಡಚಿ ನೋಡಿದ. ಮತ್ತೆ ಮತ್ತೆ ತೆರೆದುಕೊಂಡವು.

ಎತ್ತರದ ಜಾಗ ನೋಡಿ ಮಣ್ಣು ಮಾಡಿದರು.

ಹಟ್ಟಿಯಲ್ಲಿ ಜನ ಮಾತಾಡಿದರು. "ಕಟ್ಟೆ ಮೇಲೆ ಕೂರಿಸಿದ್ದರೆ ಮಗು ಉಳೀತಿತ್ತು," ಅಂದರು ಕೆಲವರು. "ಹೊರಗೆ ಕರ್ಕೊಂಡು ಹೋಗಿ ಕಲಿಸ್ತೀನಿ ಅಂದಳು. ಏನು ಕಲಿಸಿದಳೋ," ಅಂದರು ಇನ್ನು ಕೆಲವರು. ಮಾಳಜ್ಜ ಮಾತ್ರ ಬೊಮ್ಮವ್ವನ ಗುಡಿಸಲಿಗೆ ಬಂದು ಬಾಗಿಲಲ್ಲಿ ಕೂತ. ಹೊತ್ತು ಇಳಿಯುವವರೆಗೂ ಕೂತಿದ್ದು ಎದ್ದು ಹೋದ.

ಜನ ಹೇಳಿದ್ದರಿಂದ ಬೊಮ್ಮವ್ವನಿಗೆ ನೋವಾಗಲಿಲ್ಲ. ಅವಳೇ ತನಗೆ ಅದಕ್ಕಿಂತ ದೊಡ್ಡ ಮಾತು ಹೇಳಿಕೊಂಡಿದ್ದಳು.

ಅವಳು ಬಾಗಿಲು ಮುಚ್ಚಿದಳು. ದೇವೀರಿಯನ್ನು ಹೊಸಿಲು ದಾಟಲು ಬಿಡಲಿಲ್ಲ. ಕಟ್ಟೆಗೂ ಕಳಿಸಲಿಲ್ಲ. ಸಂಜೆಯಾದರೆ, ಅಭ್ಯಾಸದ ಮೇಲೆ ಅವಳ ಬಾಯಿ ತೆರೆದುಕೊಳ್ಳುತ್ತಿತ್ತು. "ಏನು..." ಅನ್ನುತ್ತಿದ್ದಳು. ಅಲ್ಲಿಗೇ ನಿಲ್ಲಿಸುತ್ತಿದ್ದಳು. ದೇವೀರಿಯೂ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಇಬ್ಬರ ಮನಸ್ಸಿನಲ್ಲೂ ಒಂದೊಂದು ಮಾತಿತ್ತು. ಇಬ್ಬರೂ ಆಡಲಿಲ್ಲ. ಒಂದೇ ಗುಡಿಸಲಿನಲ್ಲಿ ಇದ್ದುಕೊಂಡು ಒಂದು ವರ್ಷ ಆಡಲಿಲ್ಲ. ದೇವೀರಿಯ ಮೈ ಬಣ್ಣ ಇಳಿಯಿತು. ಯಾವ ಹಕ್ಕಿ ಕೂಗಿದರೂ ಅದು ಯಾವುದೆಂದು ಹೇಳುತ್ತಿದ್ದವಳು ಒಂದೊಂದೇ ಹೆಸರು ಮರೆತಳು.

ಇತ್ತ ಹೊಳೆಯ ದಂಡೆಯಲ್ಲಿ ಉತ್ತರಾಣಿಗೆ ನೆಮ್ಮದಿ ಹೋಯಿತು.

ಅದು ಗಾಳಿಯನ್ನು ಕರೆಯಿತು. "ಗಾಳಿಯಣ್ಣ, ನನಗೆ ಹಿಡಿಯೋದು ಕಲಿಸು."

"ನನಗೆ ಹಾರಿಸೋದು ಗೊತ್ತು. ಹಿಡಿಯೋದು ಗೊತ್ತಿಲ್ಲ," ಅಂದಿತು ಗಾಳಿ.

ಅದು ಜಾಲಿಯನ್ನು ಕೇಳಿತು. "ಜಾಲಿಯಣ್ಣ, ನನಗೆ ಹಿಡಿಯೋದು ಕಲಿಸು."

"ನನಗೆ ಚುಚ್ಚೋದು ಗೊತ್ತು. ನನ್ನ ಹತ್ತಿರ ಬಂದವರು ದೂರ ಓಡ್ತಾರೆ. ಹಿಡಿಯೋದು ಅದಲ್ಲ," ಅಂದಿತು ಜಾಲಿ.

ಅದು ಹೊಳೆಯನ್ನು ಕೇಳಿತು. "ಹೊಳೆಯವ್ವ, ನನಗೆ ಹಿಡಿಯೋದು ಕಲಿಸು."

ಹೊಳೆ ಅದರ ಬುಡ ಮುಟ್ಟಿಕೊಂಡು ಹರಿಯಿತು.

"ನನಗೆ ಒಯ್ಯೋದು ಮಾತ್ರ ಗೊತ್ತು," ಅಂದಿತು ಆಮೇಲೆ. "ಹಿಡಿಯೋದು ಗೊತ್ತಿದ್ದಿದ್ದರೆ ಆವತ್ತು ನಾನೇ ಹಿಡೀತಿರಲಿಲ್ಲವಾ?"

ಉತ್ತರಾಣಿ ಮತ್ತೆ ಯಾರನ್ನೂ ಕೇಳಲಿಲ್ಲ. ಅದರ ಬೀಜ ಅದರ ಬುಡಕ್ಕೇ ಬಿದ್ದು, ಅಲ್ಲೇ ಮೊಳೆತು, ಒಂದರ ಮೇಲೊಂದು ಒತ್ತಿಕೊಂಡು ಆ ದಂಡೆಯಲ್ಲೇ ಬೆಳೆದವು. ಮಳೆ ಬಂತು. ಮಳೆ ಹೋಯಿತು. ಮತ್ತೆ ಆಕಾಶ ನೀಲಿಯಾಯಿತು.

ಆಗ ಒಂದು ಬೆಳಗ್ಗೆ ಬೊಮ್ಮವ್ವ ಎದ್ದಳು. ಕುಡುಗೋಲು ತೆಗೆದುಕೊಂಡಳು. "ಒಳಗೇ ಇರು," ಅಂತ ದೇವೀರಿಗೆ ಹೇಳಿ ಹೊಳೆಯ ಕಡೆ ನಡೆದಳು.

ದಂಡೆಯ ಮೇಲೆ ಎದೆಯೆತ್ತರ ಉತ್ತರಾಣಿ ನಿಂತಿತ್ತು. ಬೊಮ್ಮವ್ವ ಅದರ ಮುಂದೆ ನಿಂತಳು.

"ನನ್ನ ಮಗು ಹಿಡ್ಕೊಂಡಿದ್ದು ನಿನ್ನನ್ನೇ ಅಲ್ಲವಾ?"

"ನನ್ನನ್ನೇ," ಅಂದಿತು ಉತ್ತರಾಣಿ.

"ಏನಂದಳು?"

"ಹಿಡ್ಕೋ ಅಂದಳು."

"ಯಾಕೆ ಬಿಟ್ಟೆ?"

"ಬಿಡಲಿಲ್ಲ ಬೊಮ್ಮವ್ವ. ಹಿಡಿಯೋಕೆ ಬರಲಿಲ್ಲ."

ಬೊಮ್ಮವ್ವ ಬಗ್ಗಿ ಒಂದು ಹಿಡಿ ಕಡ್ಡಿ ಹಿಡಿದಳು, ಕೊಯ್ಯಲೆಂದು. ಕಡ್ಡಿಗಳು ಅವಳ ಕೈಯಿಂದಲೂ ಜಾರಿದವು. ಅವಳು ಮತ್ತೆ ಹಿಡಿದಳು. ಮತ್ತೆ ಜಾರಿದವು. ಮಗಳ ಕೈಗೆ ಆವತ್ತು ಏನು ಸಿಕ್ಕಿತ್ತು ಅಂತ ಆಗ ಅವಳ ಕೈಗೆ ಗೊತ್ತಾಯಿತು. ಅವಳು ಕುಡುಗೋಲು ಕೆಳಗಿಟ್ಟು ಅಲ್ಲೇ ಕುಸಿದು ಕೂತಳು.

"ಬುಡಕ್ಕೆ ಹಾಕಿ ಕೊಯ್ಯಿ," ಅಂದಿತು ಉತ್ತರಾಣಿ. "ಬೇಡ ಅನ್ನಲ್ಲ. ಆದರೆ ಅದಕ್ಕೆ ಮೊದಲು ಒಂದು ಕೇಳ್ತೀನಿ. ನೀನು ಮಕ್ಕಳಿಗೆ ಎಲ್ಲಾ ಕಲಿಸ್ತಿದ್ದೆ. ನೀವು ಹೊಳೆಗೆ ಬಂದಾಗೆಲ್ಲ ನಾನು ಕೇಳಿಸ್ಕೋತಿದ್ದೆ. ನನಗೂ ಒಂದು ಕಲಿಸು. ಹಿಡಿಯೋದು ಹೇಗೆ ಅಂತ ಕಲಿಸು."

"ಈಗ ಕಲಿತು ಏನು ಮಾಡ್ತೀಯ? ಅವಳಿಲ್ಲ."

"ಅವಳಿಲ್ಲ," ಅಂದಿತು ಉತ್ತರಾಣಿ. "ಗೊತ್ತು."

ಬೊಮ್ಮವ್ವ ತಲೆ ಎತ್ತಲಿಲ್ಲ. ಕಲಿಸುವುದು ಅವಳು ಬಿಟ್ಟು ಒಂದು ವರ್ಷವಾಗಿತ್ತು. ಆದರೆ ಕೇಳಿಕೊಂಡು ಬಂದವರಿಗೆ ಇಲ್ಲ ಅಂದು ಅವಳಿಗೆ ರೂಢಿಯಿರಲಿಲ್ಲ. ನಿಧಾನವಾಗಿ ಅವಳ ಕೈ ಒಂದು ತೆನೆಯ ಮೇಲೆ ಬಂತು.

"ನಿನ್ನ ಬೀಜ ಎಲ್ಲಾ ಮೇಲೆ ಮುಖ ಮಾಡಿ ಕೂತಿವೆ," ಅಂದಳು. "ಮಗು ಕೆಳಗಿರುತ್ತೆ. ಹಿಡಿಯೋರು ಸೆಟೆದು ನಿಂತರೆ ಆಗಲ್ಲ. ಕೆಳಕ್ಕೆ ಬಾಗಬೇಕು."

ಅವಳು ಒಂದು ಬೀಜವನ್ನು ಹೆಬ್ಬೆರಳಿನಿಂದ ಒತ್ತಿ ಕೆಳಮುಖ ಮಾಡಿದಳು.

"ಬೆರಳು ಉರುಟಾಗಿದ್ದರೆ ಹಿಡಿತ ಸಿಗಲ್ಲ. ಉಗುರು ಬೇಕು."

ಅವಳು ಆ ಬೀಜದ ಹೊಟ್ಟನ್ನು ತನ್ನ ಉಗುರಿನಿಂದ ಸೀಳಿ, ಸೂಜಿಯಷ್ಟು ಚೂಪು ಮಾಡಿದಳು. ಆಮೇಲೆ ಇನ್ನೊಂದು ಬೀಜ. ಆಮೇಲೆ ಇನ್ನೊಂದು. ಬಾಗಿಸುವುದು, ಚೂಪು ಮಾಡುವುದು. ಬಾಗಿಸುವುದು, ಚೂಪು ಮಾಡುವುದು. ನುಣುಪು ಕಡ್ಡಿಯನ್ನು ಮರಳಿನಿಂದ ತಿಕ್ಕಿ ತರಿತರಿ ಮಾಡಿದಳು. ಬಿಸಿಲು ಏರಿತು. ಅವಳ ಬೆರಳ ತುದಿ ಒಡೆದು ರಕ್ತ ಬಂತು. ರಕ್ತ ತೆನೆಯ ತುದಿಗೆಲ್ಲ ಹತ್ತಿ ಅವು ತಿಳಿಗೆಂಪಾದವು. ಅವಳು ನಿಲ್ಲಿಸಲಿಲ್ಲ. ಹೀಗೆ ಮಾಡಬೇಕು ಅಂತ ಉತ್ತರಾಣಿಗೆ ಗೊತ್ತಾಗುತ್ತ ಬಂತು. ಉಳಿದ ತೆನೆಗಳನ್ನು ಅದು ತಾನೇ ಬಾಗಿಸಿಕೊಂಡಿತು, ತಾನೇ ಚೂಪು ಮಾಡಿಕೊಂಡಿತು.

"ಇನ್ನೊಂದು ಹೇಳಿಬಿಡ್ತೀನಿ," ಅಂದಳು ಬೊಮ್ಮವ್ವ. "ಹಿಡ್ಕೊಂಡೆ ಅಂತ ಯಾರೂ ನಿಲ್ಲೋದಿಲ್ಲ. ಹೋಗೋರು ಹೋಗ್ತಾರೆ. ಆಗ ನೀನು ಕಿತ್ಕೊಂಡು ಅವರ ಜೊತೆ ಹೋಗ್ತೀಯ."

"ಹೋಗ್ತೀನಿ."

"ನೋಯುತ್ತೆ."

"ನಿನಗೆ ನೋಯ್ತಿಲ್ಲವಾ ಬೊಮ್ಮವ್ವ?"

ಬೊಮ್ಮವ್ವ ಎದ್ದಳು. ಹೊಳೆಗೆ ಇಳಿಯುವ ದಾರಿ ಸ್ವಲ್ಪ ಆಚೆಗಿತ್ತು. ಅಲ್ಲಿಗೆ ಹೋಗಿ ಕೈ ತೊಳೆಯಲು ಬಗ್ಗಿದಳು.

ಆಗಲೇ ದೇವೀರಿ ಬಂದದ್ದು. ಅವ್ವ ಕುಡುಗೋಲು ಹಿಡಿದು ಹೋದದ್ದನ್ನು ನೋಡಿ, ಹೆದರಿ, ವರ್ಷದ ಮೇಲೆ ಮೊದಲ ಸಲ ಹೊಸಿಲು ದಾಟಿ ಬಂದಿದ್ದಳು. ದಂಡೆಯ ಮೇಲೆ ಕುಡುಗೋಲು ಬಿದ್ದಿತ್ತು. ಕಡ್ಡಿಗಳ ಮೇಲೆ ರಕ್ತ ಇತ್ತು. ಅವ್ವ ಕಾಣಲಿಲ್ಲ.

"ಅವ್ವಾ!" ಅಂತ ಕೂಗಿ ದೇವೀರಿ ನೀರಿನ ಕಡೆ ಓಡಿದಳು. ತಿಮ್ಮಿ ಹೋದ ಅದೇ ಜಾಗಕ್ಕೆ ಓಡಿದಳು. ಎದೆಯೆತ್ತರದ ಉತ್ತರಾಣಿಯ ನಡುವೆ ನುಗ್ಗಿದಳು.

ನೂರು ತೆನೆಗಳು ಒಟ್ಟಿಗೆ ಅವಳ ಲಂಗ ಹಿಡಿದವು.

ಒಂದು ಗಿಡದ ಬೀಜಕ್ಕೆ ಎಷ್ಟು ಬಲ ಇರುತ್ತದೆ? ಓಡುವ ಹುಡುಗಿಯನ್ನು ನಿಲ್ಲಿಸುವಷ್ಟು ಇರುವುದಿಲ್ಲ. ಆದರೆ ಚರ್ರನೆ ಎಳೆದಂತಾಯಿತು, ಕಾಲಿಗೆ ಚುಚ್ಚಿತು. ಏನದು ಅಂತ ದೇವೀರಿ ಬಗ್ಗಿ ನೋಡಿದಳು. ಅವಳು ಹಾಗೆ ಬಗ್ಗಿದ ಆ ಗಳಿಗೆಯಲ್ಲಿ, ಅವಳ ಮುಂದಿನ ಹೆಜ್ಜೆ ಬೀಳಬೇಕಾಗಿದ್ದ ನೆಲ ಬಿರುಕು ಬಿಟ್ಟಿತು. ಒಳಗೊಳಗೇ ನೀರು ಕೊರೆದಿದ್ದ ದಂಡೆಯ ಅಂಚು ಒಂದು ಕೊಟ್ಟಿಗೆಯಷ್ಟು ಅಗಲ ಕಳಚಿ, ಧಡಾರನೆ ಹೊಳೆಗೆ ಬಿತ್ತು.

ಆ ಸದ್ದಿಗೆ ಬೊಮ್ಮವ್ವ ಓಡಿ ಬಂದಳು. ಮಗಳನ್ನು ಹಿಂದಿನಿಂದ ತಬ್ಬಿ ಎಳೆದುಕೊಂಡಳು. ಬೀಜಗಳು ಗಿಡದಿಂದ ಕಿತ್ತುಬಂದು ಲಂಗದಲ್ಲೇ ಉಳಿದವು. ಇಬ್ಬರೂ ನೆಲಕ್ಕೆ ಬಿದ್ದರು. ಬಹಳ ಹೊತ್ತು ಏಳಲಿಲ್ಲ.

"ಅವ್ವಾ," ಅಂದಳು ದೇವೀರಿ. "ಅವ್ವಾ, ನಾನೇ ಅವಳ ಕೈ ಬಿಟ್ಟೆ. ನೀನು ಹಿಡ್ಕೋ ಅಂದಿದ್ದೆ. ಹತ್ತೋಕೆ ಅಂತ ಬಿಟ್ಟೆ."

ಬೊಮ್ಮವ್ವ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ವರ್ಷದಿಂದ ಈ ಮಗು ಏನನ್ನು ಹೊತ್ತುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿತ್ತು ಅಂತ ಅವಳಿಗೆ ಆಗ ಗೊತ್ತಾಯಿತು.

"ಮಳೆ ಮುಗೀತು ಅಂದಿದ್ದು ನಾನು," ಅಂದಳು. "ಬಿಳಿ ಮೋಡ ಬಂದ ಮೇಲೆ ಹೊಳೆ ಏರಲ್ಲ ಅಂದಿದ್ದು ನಾನು. ಹೋಗಿ ಅಂದಿದ್ದು ನಾನು. ಆವತ್ತು ನೀನು ಹತ್ತು ವರ್ಷದ ಮಗು ಕಣೇ. ನೀನು ಓಡಿದ್ದೆ. ಅವಳ ಕೈ ಹಿಡ್ಕೊಂಡು ದಂಡೆವರೆಗೂ ಓಡಿದ್ದೆ."

"ನಿನಗೆ ನನ್ನ ಮೇಲೆ ಕೋಪ ಇಲ್ಲವಾ?"

"ನಿನಗೆ?"

ದೇವೀರಿ ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಆಮೇಲೆ ಇಬ್ಬರೂ ಅತ್ತರು.

ಅತ್ತು ಮುಗಿದ ಮೇಲೆ ಏನೂ ಸರಿಹೋಗಲಿಲ್ಲ. ತಿಮ್ಮಿ ಬರಲಿಲ್ಲ. ಎತ್ತರದ ಜಾಗದ ಆ ಮಣ್ಣು ಅಲ್ಲೇ ಇತ್ತು. ಆದರೆ ಮರುದಿನ ಬೊಮ್ಮವ್ವ ದೇವೀರಿಯ ಕೈ ಹಿಡಿದು ಬೇವಿನ ಕಟ್ಟೆಗೆ ಹೋದಳು. ಮಾಳಜ್ಜ ಸರಿದು ಜಾಗ ಬಿಟ್ಟ.

"ಅಜ್ಜ, ನಾನು ಒಂದು ಪಾಠ ತಪ್ಪು ಹೇಳಿಕೊಟ್ಟೆ," ಅಂದಳು ಬೊಮ್ಮವ್ವ. "ಅದನ್ನ ಈ ಮಕ್ಕಳಿಗೆಲ್ಲ ಸರಿಯಾಗಿ ಹೇಳಬೇಕು."

"ಹೇಳವ್ವ," ಅಂದ ಮಾಳಜ್ಜ. "ನಾನೂ ಕೇಳಿಸ್ಕೋತೀನಿ. ಕಟ್ಟೆ ಮೇಲೆ ಕೂತಿದ್ದ ನನಗೂ ಅದು ಗೊತ್ತಿರಲಿಲ್ಲ."

ಅವಳು ನಿಂತುಕೊಂಡೇ ಹೇಳಿದಳು. "ನಿಮ್ಮ ತಲೆ ಮೇಲಿನ ಆಕಾಶ ನೋಡಿ ಹೊಳೆಗೆ ಇಳೀಬೇಡಿ. ಹೊಳೆಗೆ ನೀರು ಬರೋದು ಬೇರೆ ಆಕಾಶದಿಂದ. ಬೆಟ್ಟದ ಕಡೆ ನೋಡಿ. ನೀರಿನ ಬಣ್ಣ ನೋಡಿ. ಹೊಳೆ ಏನಾದರೂ ಹೇಳಿದರೆ ಮರುಮಾತಾಡದೆ ಓಡಿ."

ಆ ವರ್ಷದಿಂದ ಮಾಳಜ್ಜ, ಬೊಮ್ಮವ್ವ ಇಬ್ಬರೂ ಕೂತು ಬಂದ ಮಳೆಗಳನ್ನು ಎಣಿಸಿದರು. ಒಂದೊಂದಕ್ಕೂ ಹೆಸರಿಟ್ಟರು. ಎಲ್ಲ ಮುಗಿಯಿತು ಅಂದುಕೊಂಡ ಮೇಲೂ, ಬಿಳಿ ಮೋಡದ ದಿನಗಳಲ್ಲಿ, ಹೇಳದೆ ಕೇಳದೆ ಬರುವ ಆ ಮಳೆಗೆ ಸ್ವಾತಿ ಅಂತ ಹೆಸರಿಟ್ಟರು. ಅದು ಬಂದು ಹೋಗುವವರೆಗೆ ಹಟ್ಟಿಯ ಯಾವ ಮಗುವೂ ಹೊಳೆಗೆ ಇಳಿಯಲಿಲ್ಲ.

ಬೊಮ್ಮವ್ವ ಮತ್ತೆ ಹೊರಗೆ ಹೊರಟಳು. ಗುಡ್ಡಕ್ಕೆ, ಕೆರೆಗೆ, ಹುಲ್ಲುಗಾವಲಿಗೆ. ಈಗ ಅವಳ ಹಿಂದೆ ಹಟ್ಟಿಯ ಮಕ್ಕಳೆಲ್ಲ ಹೋಗುತ್ತಿದ್ದರು. ಅವಳು ಮೊದಲಿನ ಹಾಗೆ ನಗುತ್ತಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ತಿರುಗಿ ಮಕ್ಕಳನ್ನು ಎಣಿಸುತ್ತಿದ್ದಳು. ಎಣಿಕೆ ಸರಿಯಿದ್ದರೂ ಒಂದು ಗಳಿಗೆ ನಿಂತು, ಮತ್ತೆ ಎಣಿಸಿ, ಆಮೇಲೆ ಮುಂದೆ ನಡೆಯುತ್ತಿದ್ದಳು. ದೇವೀರಿ ಎಲ್ಲರ ಹಿಂದೆ, ಅತಿ ಚಿಕ್ಕ ಮಗುವಿನ ಕೈ ಹಿಡಿದು ಬರುತ್ತಿದ್ದಳು.

ಮತ್ತೆ ಉತ್ತರಾಣಿ? ಅದು ಆ ದಿನ ದೇವೀರಿಯ ಲಂಗಕ್ಕೆ ಅಂಟಿಕೊಂಡು ಮೊದಲ ಸಲ ದಂಡೆ ಬಿಟ್ಟು ಹೊರಟಿತು. ಹಟ್ಟಿಗೆ ಬಂತು, ಅಲ್ಲಿಂದ ಇನ್ನೊಬ್ಬರ ಪಂಚೆಗೆ, ಮೇಕೆಯ ಕೂದಲಿಗೆ, ನಾಯಿಯ ಬಾಲಕ್ಕೆ ಅಂಟಿಕೊಂಡು ಬೇರೆ ಊರಿಗೆ ಹೋಯಿತು. ಹೋದ ಕಡೆಯೆಲ್ಲ ದಾರಿಯ ಪಕ್ಕದಲ್ಲೇ ಬೆಳೆಯಿತು, ಏಕೆಂದರೆ ಮಕ್ಕಳು ಓಡಾಡುವುದು ಅಲ್ಲೇ. ಅದರ ಬಲ ಹೆಚ್ಚಾಗಲಿಲ್ಲ. ಇವತ್ತಿಗೂ ಹೊಳೆಯ ನೀರಿನಿಂದ ಒಂದು ಮಗುವನ್ನು ಎಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಅದು ಅದಕ್ಕೂ ಗೊತ್ತು. ಗೊತ್ತಿದ್ದೂ ಅದು ಹಾದು ಹೋಗುವ ಯಾರನ್ನೂ ಹಾಗೇ ಹೋಗಲು ಬಿಡುವುದಿಲ್ಲ.

ಅದಕ್ಕೇ ಮಗು, ಮಳೆಗಾಲ ಕಳೆದ ಮೇಲೆ ಹೊಲದ ಬದುವಿನಲ್ಲಿ ತಿರುಗಾಡಿ ಬಂದರೆ ನಿನ್ನ ಲಂಗದ ಅಂಚಿನಲ್ಲಿ ಉತ್ತರಾಣಿಯ ಬೀಜ ಸಾಲಾಗಿ ಅಂಟಿಕೊಂಡಿರುತ್ತದೆ, ಕೀಳಲು ಹೋದರೆ ಬೆರಳಿಗೆ ಚುಚ್ಚುತ್ತದೆ, ನೀನು ಒಂದೊಂದಾಗಿ ಬಿಡಿಸುವವರೆಗೂ ತಾನಾಗಿ ಕೈ ಬಿಡುವುದಿಲ್ಲ.